ಭಾಗ್ಯಮ್ಮನ ಎಡಗಣ್ಣು

ಕೊರೊನಾದ ಗದ್ದಲ ಅಡಗಿದ ಮರುವರ್ಷ ನನಗೆ ಕೃಷ್ಣರಾಜಪೇಟೆಯಿಂದ ಪಾಂಡವಪುರಕ್ಕೆ ವರ್ಗವಾಯಿತು. ಸರ್ಕಾರಿ ಆಸ್ಪತ್ರೆಯ ಕಣ್ಣಿನ ವೈದ್ಯೆಯಾಗಿ ಅದು ನನ್ನ ಕೊನೆಯ ಪೋಸ್ಟಿಂಗ್. ಪೊರೆ ಬಂದ ವಯಸ್ಸಾದವರು, ಕಟಾವಿನಲ್ಲಿ ಭತ್ತದ ಗರಿ ತಾಗಿಸಿಕೊಂಡವರು, ಕ್ವಾರಿಯಲ್ಲಿ ಕಲ್ಲಿನ ಚೂರು ಸಿಡಿದವರು, ಹೆಚ್ಚಾಗಿ ಇಂಥವರೇ ಬರುತ್ತಿದ್ದರು. ಚೂರು ತೆಗೆದರೆ ಅಥವಾ ಪೊರೆ ತೆಗೆದರೆ ನಮ್ಮ ಕೆಲಸ ಮುಗಿಯುತ್ತಿತ್ತು. ಭಾಗ್ಯಮ್ಮನ ಕೇಸು ನಾನು ನಿವೃತ್ತಳಾಗುವವರೆಗೂ ಮುಗಿಯಲಿಲ್ಲ.

ಆಕೆ ಚಿನಕುರಳಿ ಕಡೆಯ ಹೆಂಗಸು, ವಯಸ್ಸು ನಲವತ್ತೈದರ ಆಸುಪಾಸು. ಗಂಡ ನಿಂಗೇಗೌಡ ಕ್ವಾರಿಯಲ್ಲಿ ಟಿಪ್ಪರ್ ಓಡಿಸುತ್ತಿದ್ದ. ಮನೆಯಲ್ಲಿ ಎರಡು ಹಸುಗಳಿದ್ದವು, ಹಾಲು ಡೈರಿಗೆ ಹೋಗುತ್ತಿತ್ತು. ಒಬ್ಬಳೇ ಮಗಳನ್ನು ನಾಗಮಂಗಲಕ್ಕೆ ಕೊಟ್ಟಿದ್ದರು, ಅವಳಿಗೆ ಕೈಗೂಸು. ಮೊದಲ ದಿನ ಭಾಗ್ಯಮ್ಮ ಒದ್ದೆ ಟವೆಲನ್ನು ಕಣ್ಣಿಗೆ ಒತ್ತಿಕೊಂಡು, ಗಂಡನ ತೋಳು ಹಿಡಿದು ಒಳಗೆ ಬಂದಳು.

"ಕಣ್ಣೊಳಕ್ಕೆ ಮರಳು ಉಯ್ದಂಗಾಯ್ತದೆ ಡಾಕ್ಟ್ರಮ್ಮ. ಬುಟ್ರೂ ನೋವು, ಮುಚ್ಚುದ್ರೂ ನೋವು," ಎಂದಳು.

ಕ್ವಾರಿಯ ದೂಳಿಗೆ ಹೀಗಾಗಿದೆ ಎಂದು ಇಬ್ಬರೂ ನಂಬಿದ್ದರು. ಯಾವುದೋ ಮೆಡಿಕಲ್ ಸ್ಟೋರಿನಲ್ಲಿ ಕೊಟ್ಟ ಡ್ರಾಪ್ಸ್ ಹಾಕಿದರೆ ಸ್ವಲ್ಪ ಹೊತ್ತು ಉರಿ ತಗ್ಗುತ್ತಿತ್ತಂತೆ. ಅದನ್ನೇ ತಿಂಗಳುಗಟ್ಟಲೆ ಹಾಕಿಸಿಕೊಂಡಿದ್ದಳು. ಬಾಟಲಿ ನೋಡಿದೆ. ನೋವು ತಗ್ಗಿಸುವ ಡ್ರಾಪ್ಸ್ ಅದು. ಒಣಗಿದ ಕಣ್ಣಿಗೆ ಬಹಳ ದಿನ ಹಾಕಿದರೆ ಅದೇ ಕಣ್ಣನ್ನು ತಿನ್ನುತ್ತದೆ.

ಟವೆಲ್ ಹಿಡಿದಿದ್ದ ಆಕೆಯ ಕೈ ನೋಡಿದಾಗಲೇ ನನಗೆ ಅರ್ಧ ವಿಷಯ ತಿಳಿದಿತ್ತು. ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ ವಾಲಿದ್ದವು, ಗೆಣ್ಣುಗಳು ಊದಿದ್ದವು. ಅದು ರುಮಟಾಯ್ಡ್ ಆರ್ಥ್ರೈಟಿಸ್, ನಮ್ಮ ಮೈಯ ರಕ್ಷಣಾ ವ್ಯವಸ್ಥೆಯೇ ನಮ್ಮ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ಕೀಲುಗಳಿಗಷ್ಟೇ ಅದು ನಿಲ್ಲುವುದಿಲ್ಲ. ಕೆಲವರಲ್ಲಿ ಕಣ್ಣೀರಿನ ಗ್ರಂಥಿ, ಜೊಲ್ಲಿನ ಗ್ರಂಥಿಗಳನ್ನೂ ಒಣಗಿಸುತ್ತದೆ. ಬಾಯಿ ಒಣಗುತ್ತದೆಯೇ ಎಂದು ಕೇಳಿದೆ. ಸಾರಿನಲ್ಲಿ ಅದ್ದಿದರೂ ಮುದ್ದೆ ಗಂಟಲಿನಲ್ಲಿ ಇಳಿಯುವುದಿಲ್ಲ, ಮಧ್ಯೆ ಮಧ್ಯೆ ನೀರು ಕುಡಿಯಬೇಕು ಎಂದಳು.

ಶಿರ್ಮರ್ ಟೆಸ್ಟ್ ಎಂಬ ಸರಳ ಪರೀಕ್ಷೆಯೊಂದಿದೆ. ಕಾಗದದ ಸಣ್ಣ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ ಐದು ನಿಮಿಷ ಬಿಡುತ್ತೇವೆ. ಚೆನ್ನಾಗಿರುವ ಕಣ್ಣಾದರೆ ಪಟ್ಟಿ ಅರ್ಧದಷ್ಟು ಒದ್ದೆಯಾಗುತ್ತದೆ. ಭಾಗ್ಯಮ್ಮನ ಎರಡು ಪಟ್ಟಿಗಳೂ ಒಣಗಿಯೇ ಇದ್ದವು. ಬಣ್ಣದ ಹನಿ ಬಿಟ್ಟು ನೀಲಿ ಬೆಳಕಿನಲ್ಲಿ ನೋಡಿದೆ. ಬಲಗಣ್ಣಿನ ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮುಂದಿರುವ ಗಾಜಿನಂಥ ಪದರ, ಒಂದು ಕಡೆ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳುವಾಗಿತ್ತು. ಇದಕ್ಕೆ ಕಾರ್ನಿಯಲ್ ಮೆಲ್ಟ್ ಎನ್ನುತ್ತಾರೆ. ಕಾರ್ನಿಯಾ ಕರಗುತ್ತ ಹೋಗುತ್ತದೆ, ತಡೆಯದಿದ್ದರೆ ತೂತಾಗುತ್ತದೆ.

ಕೀಲಿನ ಕಾಯಿಲೆಗೆ ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಮೈಸೂರಿನ ವೈದ್ಯರು ಬರೆದುಕೊಟ್ಟಿದ್ದರು. ಅದು ಕ್ಯಾನ್ಸರಿಗೆ ಕೊಡುವ ಮಾತ್ರೆ ಎಂದು ನೆಂಟರೊಬ್ಬರು ಹೇಳಿದ್ದರಿಂದ ಆಕೆ ನಿಲ್ಲಿಸಿಬಿಟ್ಟಿದ್ದಳು. ಕ್ಯಾನ್ಸರಿಗೆ ದೊಡ್ಡ ಪ್ರಮಾಣದಲ್ಲಿ ಕೊಡುವುದು ನಿಜ, ಆದರೆ ಕೀಲಿನ ಕಾಯಿಲೆಗೆ ಕೊಡುವುದು ಬಹಳ ಕಡಿಮೆ. ಅದನ್ನು ನಿಲ್ಲಿಸಿದ್ದರಿಂದ ಒಳಗಿನ ಕಾಯಿಲೆ ಕೆರಳಿತ್ತು, ಮೇಲೆ ಆ ಡ್ರಾಪ್ಸ್ ಬೇರೆ. ಅವತ್ತೇ ಮೈಸೂರಿಗೆ ಕಳಿಸಿದೆ.

ಅಲ್ಲಿ ತೆಳುವಾದ ಜಾಗಕ್ಕೆ ವಿಶೇಷವಾದ ಅಂಟು ಹಚ್ಚಿ, ಮೇಲೊಂದು ಲೆನ್ಸ್ ಕೂರಿಸಿದರು. ಕೆಲವು ವಾರ ಅದು ತಡೆಯಿತು. ಆಮೇಲೊಂದು ಬೆಳಿಗ್ಗೆ ಕಣ್ಣಿನಿಂದ ಬಿಸಿನೀರು ಇಳಿದಂತಾಯಿತಂತೆ. ಕಣ್ಣೀರು ಬಂತೆಂದು ಆಕೆಗೆ ಸಂತೋಷವಾಯಿತಂತೆ. ಅದು ಕಣ್ಣೀರಲ್ಲ, ಗುಡ್ಡೆಯೊಳಗಿನ ದ್ರವ. ಕಾರ್ನಿಯಾ ತೂತಾಗಿತ್ತು. ಮೈಸೂರಿನವರು ಮಾಡುವುದನ್ನೆಲ್ಲ ಮಾಡಿದರು, ಆದರೂ ಸೋಂಕು ಒಳಗಿಳಿಯಿತು. ಬಲಗಣ್ಣಿಗೆ ಬೆಳಕು ಕೂಡ ಗೊತ್ತಾಗದಂತಾಯಿತು.

ಉಳಿದದ್ದು ಎಡಗಣ್ಣು. ಎರಡು ತಿಂಗಳು ಕಳೆಯುವುದರೊಳಗೆ ಅಲ್ಲೂ ಅಂಥದೇ ಒಂದು ತೆಳುವಾದ ಜಾಗ ಕಾಣಿಸಿಕೊಂಡಿತು. ಮಾತ್ರೆ ಮತ್ತೆ ಶುರುವಾಗಿತ್ತು, ಆದರೆ ಅದು ಹಿಡಿಯಲು ವಾರಗಳೇ ಬೇಕು. ಅಲ್ಲಿಯವರೆಗೆ ಕಣ್ಣು ಒಣಗದಂತೆ ಕಾಯಬೇಕಿತ್ತು. ಮೈಸೂರಿನಲ್ಲಿ ಆಕೆಯ ರಕ್ತವನ್ನೇ ತೆಗೆದು, ಅದರ ತಿಳಿಭಾಗದಿಂದ ಹನಿ ತಯಾರಿಸಿ ಕೊಟ್ಟರು. ಇದನ್ನು ಸೀರಮ್ ಡ್ರಾಪ್ಸ್ ಎನ್ನುತ್ತೇವೆ. ಎಚ್ಚರವಿರುವಷ್ಟು ಹೊತ್ತೂ ಗಂಟೆಗೊಮ್ಮೆ ಹಾಕಬೇಕು, ತಣ್ಣಗೆ ಇಟ್ಟಿರಬೇಕು. ಪ್ರತಿ ವಾರ ನನ್ನಲ್ಲಿಗೆ ಬಂದು ಕಣ್ಣು ತೋರಿಸಬೇಕೆಂದು ಹೇಳಿ ಕಳಿಸಿದರು.

ಮೊದಲ ವಾರ ಬಂದಾಗ ಆ ಜಾಗ ಇನ್ನಷ್ಟು ತೆಳುವಾಗಿತ್ತು. ಎರಡನೆಯ ವಾರ ಮತ್ತೂ ಹೆಚ್ಚು. ನನ್ನೆದುರೇ ಒಂದು ಹನಿ ಹಾಕಿಕೊಂಡು ತೋರಿಸುವಂತೆ ಹೇಳಿದೆ. ಬಾಟಲಿಯನ್ನು ಒತ್ತಲು ಆಕೆಯ ಬೆರಳಿಗೆ ಬಲವಿರಲಿಲ್ಲ. ಎರಡು ಅಂಗೈಗಳ ನಡುವೆ ಹಿಡಿದು ಅದುಮಿದಳು. ಕುತ್ತಿಗೆಯ ಕೀಲೂ ಬಿಗಿದಿದ್ದರಿಂದ ತಲೆ ಹಿಂದಕ್ಕೆ ಪೂರ್ತಿ ಬಾಗಲಿಲ್ಲ. ಒಂದು ಹನಿ ಕೆನ್ನೆಯ ಮೇಲೆ ಬಿತ್ತು, ಇನ್ನೊಂದು ಕಿವಿಯ ಕಡೆ ಹರಿಯಿತು. ಆಮೇಲೆ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡಳು.

ಬೆಳಕು ಹರಿಯುವ ಮುಂಚೆ ಒಂದು ಸಲ, ಕೆಲಸದಿಂದ ಬಂದ ಮೇಲೆ ಮಲಗುವವರೆಗೆ ತಾನೇ ಹಾಕುತ್ತೇನೆಂದು ಜೊತೆಗೆ ಬಂದಿದ್ದ ನಿಂಗೇಗೌಡ ಹೇಳಿದ. ಕೆಲಸ ಬಿಟ್ಟು ಕೂತರೆ ಮನೆ ನಡೆಯುವುದಿಲ್ಲ ಎಂದ. ಅವನು ಮುಖ ತಿರುಗಿಸಿಕೊಂಡಾಗ ಭಾಗ್ಯಮ್ಮ ಮೆಲ್ಲಗೆ ಹೇಳಿದಳು: "ಎರಡೂ ಕಿತ್ತಾಕ್‌ಬುಡಿ ಡಾಕ್ಟ್ರಮ್ಮ. ಉರಿಯಾದ್ರೂ ನಿಂತೋಯ್ತದೆ."

ನನ್ನ ಸರ್ವೀಸಿನಲ್ಲಿ ಎಷ್ಟೋ ಜನ ಅತ್ತದ್ದನ್ನು ನೋಡಿದ್ದೆ. ಅಳಬೇಕಾದವಳ ಕಣ್ಣು ಹೀಗೆ ಒಣಗಿಯೇ ಇರುವುದನ್ನು ನೋಡುತ್ತ ಕೂರುವುದು ಅದಕ್ಕಿಂತ ಕಷ್ಟವಾಗಿತ್ತು.

ಆ ವಾರವೇ ಚಿನಕುರಳಿ ಕಡೆ ಶಾಲಾ ಮಕ್ಕಳ ಕಣ್ಣಿನ ತಪಾಸಣೆಯಿತ್ತು. ಮುಗಿಸಿಕೊಂಡು ಆಕೆಯ ಮನೆಗೆ ಹೋದೆ. ಮಧ್ಯಾಹ್ನವಾಗಿದ್ದರೂ ಕಿಟಕಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿಕೊಂಡು ಕುಳಿತಿದ್ದಳು. ಸೀರಮ್ ಬಾಟಲಿ ನೀರು ತುಂಬಿದ ಮಡಕೆಯ ಮೇಲಿನ ತಟ್ಟೆಯಲ್ಲಿತ್ತು. ಮನೆಯಲ್ಲಿ ಫ್ರಿಜ್ ಇರಲಿಲ್ಲ. ಹೀಗಿಟ್ಟರೆ ಹನಿ ಕೆಡುತ್ತದೆ, ಕೆಟ್ಟ ಹನಿಯಿಂದ ಈ ಕಣ್ಣಿಗೂ ಸೋಂಕಾಗಬಹುದು ಎಂದೆ. ಹತ್ತಿರ ಯಾರ ಮನೆಯಲ್ಲಾದರೂ ಫ್ರಿಜ್ ಇದೆಯೇ ಎಂದು ಕೇಳಿದಾಗ ಆಕೆ ಟವೆಲನ್ನು ಮತ್ತೆ ಕಣ್ಣಿಗೆ ಒತ್ತಿಕೊಂಡಳು. ಹಸುವಿಗೆ ಮೇವು ಹಾಕಲು ಬಂದಿದ್ದ ಪಕ್ಕದ ಬೀದಿಯ ಅಜ್ಜಿ ನಡುಮನೆಯ ಗೋಡೆಯ ಕಡೆ ಕೈ ತೋರಿಸಿದಳು.

ಅದು ಮೊದಲು ಒಂದೇ ಮನೆ. ಭಾಗವಾದಾಗ ನಡುವೆ ಗೋಡೆ ಎದ್ದಿತ್ತು. ಆ ಕಡೆ ನಿಂಗೇಗೌಡನ ತಮ್ಮನ ಸಂಸಾರವಿತ್ತು. ತಮ್ಮನ ಹೆಂಡತಿ ಮಂಜುಳ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಓರಗಿತ್ತಿಯರಿಬ್ಬರೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು.

ನಾನು ಗೋಡೆ ಸುತ್ತಿಕೊಂಡು ಆ ಕಡೆಯ ಬಾಗಿಲಿಗೆ ಹೋದೆ. ಮಂಜುಳ ಮೆಷಿನ್ ನಿಲ್ಲಿಸಿ ಎದ್ದು, ಕುರ್ಚಿ ಕೊಟ್ಟಳು. ಬಲಗಣ್ಣು ಹೋಗಿದೆ, ಎಡಗಣ್ಣಿಗೆ ಹೆಚ್ಚು ದಿನ ಇಲ್ಲ, ಫ್ರಿಜ್ಜಿನಲ್ಲಿ ಬಾಟಲಿ ಇಟ್ಟು ಹಗಲು ಹೊತ್ತು ಗಂಟೆಗೊಮ್ಮೆ ಹನಿ ಹಾಕುವವರು ಬೇಕು ಎಂದು ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

"ನಮ್ಮತ್ತೆ ಸಾಯುವಾಗ ಬಾಯಿಗೆ ಒಂದು ತೊಟ್ಟು ನೀರು ಬುಡಕ್ಕೂ ನನ್ನ ಒಳಿಕ್ಕೆ ಸೇರುಸ್ನಿಲ್ಲ ಕಣಮ್ಮ ಅವಳು. ಈಗ ನಾನೋಗಿ ಅವಳ ಕಣ್ಣಿಗೆ ಬುಡ್ಬೇಕಾ?"

ದನಿ ಏರಿಸಿ ಹೇಳಿದ ಮಾತಲ್ಲ ಅದು. ಹೇಗೆ ಹಾಕಬೇಕೆಂದು ಮಾತ್ರ ಹೇಳಿದೆ. ಕೈ ಸೋಪಿನಿಂದ ತೊಳೆಯಬೇಕು, ಕೆಳರೆಪ್ಪೆಯನ್ನು ಸ್ವಲ್ಪ ಎಳೆದು ಒಳಗೆ ಬಿಡಬೇಕು, ಬಾಟಲಿಯ ತುದಿ ಎಲ್ಲೂ ತಾಗಬಾರದು. ಇಷ್ಟು ಹೇಳಿ ಜೀಪು ಹತ್ತಿದೆ. ಆ ಕಣ್ಣೂ ಹೋಯಿತೆಂದೇ ದಾರಿಯುದ್ದಕ್ಕೂ ಅಂದುಕೊಂಡೆ.

ಮುಂದಿನ ವಾರ ಭಾಗ್ಯಮ್ಮನ ತೋಳು ಹಿಡಿದುಕೊಂಡು ಬಂದವಳು ಮಂಜುಳ. ಐಸ್ ತುಂಡುಗಳಿದ್ದ ಊಟದ ಡಬ್ಬಿಯಲ್ಲಿ ಬಾಟಲಿ ತಂದಿದ್ದಳು. ಯಾಕೆ ಮನಸ್ಸು ಬದಲಾಯಿತೆಂದು ನಾನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ತೆಳುವಾದ ಜಾಗ ಮತ್ತಷ್ಟು ತೆಳುವಾಗಿರಲಿಲ್ಲ. ಅದರ ಮುಂದಿನ ವಾರವೂ ಆಗಿರಲಿಲ್ಲ. ಅಷ್ಟರಲ್ಲಿ ಮಾತ್ರೆಯೂ ಹಿಡಿಯತೊಡಗಿತು. ಇದ್ದ ತೇವವಾದರೂ ಉಳಿಯಲೆಂದು, ಕಣ್ಣೀರು ಮೂಗಿಗೆ ಇಳಿದುಹೋಗುವ ಸಣ್ಣ ರಂಧ್ರಗಳನ್ನು ಮೈಸೂರಿನಲ್ಲಿ ಮುಚ್ಚಿದರು. ತಿಂಗಳುಗಳ ಮೇಲೆ ಆ ಜಾಗ ಬಿಳಿಯ ಕಲೆಯಾಗಿ ಗಟ್ಟಿಯಾಯಿತು.

ವಾಸಿಯಾಯಿತು ಎಂದು ಬರೆಯಲಾರೆ. ಆ ಕಲೆಯ ಅಂಚಿನಿಂದ ಆಕೆಗೆ ಎದುರಿಗೆ ನಿಂತವರ ಮುಖ ಕಾಣುತ್ತದೆ, ಬಸ್ಸಿನ ಬೋರ್ಡು ಕಾಣುವುದಿಲ್ಲ. ಉರಿ ಹೋಗಿಲ್ಲ. ಸಾಯುವವರೆಗೂ ಹನಿ ಬೇಕು. ಅತ್ತ ಹಾಲು ಕರೆಯುವ ಬೆರಳೂ ಇಲ್ಲ, ಹಸುಗಳನ್ನು ಮಾರಿದರು.

ಔಷಧಿ ಗೊತ್ತಿದ್ದರೆ ಸಾಕು ಎಂದುಕೊಂಡೇ ನಾನು ಈ ಕೆಲಸಕ್ಕೆ ಬಂದವಳು. ಗಂಟೆಗೊಮ್ಮೆ ಒಂದು ಹನಿ ಎಂದು ಬರೆಯುವುದು ಸುಲಭ. ಹಗಲೆಲ್ಲ ಆ ಮನೆಯಲ್ಲಿ ಯಾರಿರುತ್ತಾರೆ, ಅವರ ಕೈ ಈ ಮುಖದ ತನಕ ಬರುತ್ತದೆಯೇ ಎಂಬುದನ್ನೂ ಚಿಕಿತ್ಸೆಯ ಭಾಗವೆಂದೇ ತಿಳಿಯಬೇಕೆಂದು ಆ ಕೇಸು ಕಲಿಸಿತು. ಆಮೇಲೆ ಬಂದ ಕಿರಿಯ ವೈದ್ಯರಿಗೆಲ್ಲ ಇದನ್ನು ಹೇಳಿದ್ದೇನೆ.

ನಿವೃತ್ತಿಗೆ ಮುಂಚಿನ ತಿಂಗಳು ಇಬ್ಬರೂ ಬಂದಿದ್ದರು. ಮಂಜುಳ ಔಷಧಿ ತರಲು ಹೊರಗೆ ಹೋದಾಗ, ಈಗ ಇಬ್ಬರೂ ಮಾತಾಡುತ್ತೀರಾ ಎಂದು ಭಾಗ್ಯಮ್ಮನನ್ನು ಕೇಳಿದೆ.

"ಮಾತು ಏನೂ ಇಲ್ಲ ಡಾಕ್ಟ್ರಮ್ಮ. ಬತ್ತಾಳೆ, ತಲೆ ಎತ್ತು ಅಂತಾಳೆ. ಎತ್ತೀನಿ."