ಕೊನೆಯ ಸಾಲಿಗೆ ಮೊದಲ ನೀರು

ಹೋದ ವಾರ ಅಡುಗೆಮನೆಯ ನಲ್ಲಿ ತಿರುಗಿಸಿದೆ. ನೀರಿಗೆ ಮೊದಲು ಗಾಳಿ ಬಂತು, ಗಾಳಿಯ ಜೊತೆ ತುಕ್ಕಿನ ವಾಸನೆ. ನಲ್ಲಿ ಹಿಡಿದುಕೊಂಡೇ ನಿಂತೆ. ಹಳೆಯದೊಂದು ಭಾನುವಾರ ನೆನಪಾಯಿತು…

ಆ ದಿನ ನಾನು ನಿಂತಿದ್ದದ್ದು ಟಿ. ದಾಸರಹಳ್ಳಿಯ ಒಂದು ಬಡಾವಣೆಯಲ್ಲಿ, ವಾಲ್ವ್ ಗುಂಡಿಯಿಂದ ಐದು ಹೆಜ್ಜೆ ದೂರ, ಹಿಟ್ಟಿನ ಗಿರಣಿಯ ಗೋಡೆಗೆ ಒರಗಿ. ತೊಂಬತ್ತರ ದಶಕದ ನಡುವಿನ ಬೇಸಿಗೆ. ಯುಗಾದಿ ಕಳೆದ ಎರಡನೇ ಭಾನುವಾರ, ಬೆಳಿಗ್ಗೆ ಏಳೂವರೆ. ಕೈಯಲ್ಲಿ ಖಾಲಿ ಕೊಡ ಇತ್ತು.

ನಾನಾಗ ಪೀಣ್ಯದ ಒಂದು ಲೇತ್ ಶಾಪಿನಲ್ಲಿ ಕೆಲಸಕ್ಕಿದ್ದೆ. ಬಡಾವಣೆಯ ಮುಂದಿನ ಸಾಲುಗಳಲ್ಲಿ ಮಾಲೀಕರ ಮನೆಗಳು. ಕಟ್ಟಕಡೆಯ ಸಾಲಿನಲ್ಲಿ ಅವರೇ ಕಟ್ಟಿಸಿದ ಶೀಟಿನ ಮನೆಗಳು. ಅಲ್ಲಿ ಬಾಡಿಗೆಗೆ ನಾವು. ಮೂರು ದಿನಕ್ಕೊಮ್ಮೆ ಬೋರ್‌ವೆಲ್ ನೀರು, ಅದೂ ಒಂದೂವರೆ ಗಂಟೆ.

ನೀರು ಬಿಡುತ್ತಿದ್ದ ಅಜ್ಜ ಚಿಕ್ಕಬಾಣಾವರದ ಕಡೆಯವರು. ಅವರ ಮನೆತನದವರು ಹಿಂದೆ ಕೆರೆಯ ನೀರುಗಂಟಿಗಳು. ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದವರು. ಗದ್ದೆಗಳು ಸೈಟುಗಳಾದ ಮೇಲೆ ಬಡಾವಣೆಯ ಸಂಘ ಅವರ ಕೈಗೆ ವಾಲ್ವ್ ತಿರುಗಿಸುವ ಕೀ ಕೊಟ್ಟಿತ್ತು. ಅವರು ಹಳೆಯ ಕ್ರಮ ಬಿಡಲಿಲ್ಲ. ನೀರು ಕಡಿಮೆಯಾದ ವರ್ಷ ಕಟ್ಟಕಡೆಯ ಗದ್ದೆಗೆ ಮೊದಲು, ತೂಬಿನ ಬುಡದ ಗದ್ದೆಗೆ ಕೊನೆಗೆ. ಬುಡದವನ ಕಣ್ಣೆದುರೇ ನೀರು ಹರಿಯುತ್ತದೆ, ಅವನು ಕಾಯಬಲ್ಲ. ಕೊನೆಯವನಿಗೆ ಏನೂ ಕಾಣುವುದಿಲ್ಲ ಎಂದು ಒಮ್ಮೆ ನನಗೆ ವಿವರಿಸಿದ್ದರು.

ಇನ್ನೊಂದು ನಿಯಮವೂ ಇತ್ತು. ನೀರು ಬಿಡುವ ದಿನ ಅಜ್ಜ ಯಾರ ಮನೆಯಲ್ಲೂ ಒಂದು ಗುಟುಕೂ ಕುಡಿಯುತ್ತಿರಲಿಲ್ಲ. ಪಕ್ಕದ ಮನೆಯ ಟೈಲರ್ ಅಕ್ಕ ಮಜ್ಜಿಗೆ ಹಿಡಿದು ನಿಂತರೆ, “ಇವತ್ತು ಬ್ಯಾಡ ಕಣವ್ವ. ನಾಳೆ ಬತ್ತೀನಿ, ಎರಡು ಲೋಟ ಮಡಗಿರು” ಅನ್ನುತ್ತಿದ್ದರು. ಮರುದಿನ ಬಂದು ಎರಡು ಲೋಟವನ್ನೂ ಕುಡಿಯುತ್ತಿದ್ದರು.

ಆ ಬೇಸಿಗೆ ಬೋರ್‌ವೆಲ್ ಇಳಿಯಿತು. ಮುಂದಿನ ಸಾಲಿನವರ ಸಂಪು ಅರ್ಧವೂ ತುಂಬದೆ ಗೊಣಗಾಟ ಎದ್ದಿತು. ಆ ಭಾನುವಾರ ಸಂಘದ ಅಧ್ಯಕ್ಷರು ಅಜ್ಜನನ್ನು ವಾಲ್ವ್ ಗುಂಡಿಯ ಬಳಿ ನಿಲ್ಲಿಸಿದರು. ನಮ್ಮ ಮನೆಗಳ ಮಾಲೀಕರೂ ಅವರೇ.

“ನೀರು ಬಿಡೋ ದಿನ ಶೀಟಿನ ಮನೇಲೇ ತಿಂಡಿ, ಕಾಫಿ ಎಲ್ಲಾ ಆಗುತ್ತಂತಲ್ಲ ಯಜಮಾನ್ರೇ. ಅದಕ್ಕೇ ತಾನೆ ನೀರು ಮೊದ್ಲು ಅತ್ಲಾಗೇ ಹೋಗೋದು?”

“ಬೀಗರ ಮನೆ ಕಣ್ರೀ ಅದು” ಎಂದು ಹಿಂದಿನಿಂದ ಯಾರೋ ನಕ್ಕರು.

ಅಜ್ಜ ಗಿರಣಿಯ ಗೋಡೆಯ ಬಳಿ ನಿಂತಿದ್ದ ನಮ್ಮ ಕಡೆ ತಿರುಗಿದರು. ನಾವು ಎಂಟು ಜನ.

“ನೀರ್ ಬಿಡೋ ದಿನ ನಿಮ್ಮಲ್ಲಿ ಯಾರಾನಾ ನಂಗೆ ಒಂದು ಲೋಟ ನೀರು ಕೊಟ್ಟಿದ್ದೀರೇನಪ್ಪಾ? ಕೊಟ್ಟಿದ್ರೆ ಕೊಟ್ಟಿದೀವಿ ಅನ್ನಿ. ಇಲ್ದಿದ್ರೆ ಇಲ್ಲ ಅಂತ ಏಳಿ.”

ಇಲ್ಲ ಎಂದಿದ್ದರೆ ಸಾಕಿತ್ತು. ನಮಗೆಲ್ಲ ಗೊತ್ತಿತ್ತು. ಮನೆ ಖಾಲಿ ಮಾಡಿ ಎಂದರೆ ಎಲ್ಲಿಗೆ ಹೋಗುವುದು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಅಜ್ಜ ಒಬ್ಬೊಬ್ಬರ ಮುಖವನ್ನೂ ನೋಡಿದರು. ನನ್ನದನ್ನು ಸ್ವಲ್ಪ ಹೆಚ್ಚು ಹೊತ್ತು… ಅಥವಾ ನನಗೆ ಹಾಗನ್ನಿಸಿತು. ನಾನು ಕೈಯಲ್ಲಿದ್ದ ಖಾಲಿ ಕೊಡದ ಬಾಯಿಯನ್ನು ನೋಡುತ್ತಿದ್ದೆ.

ಅವರು ಕೀಯನ್ನು ಗುಂಡಿಯ ಮುಚ್ಚಳದ ಮೇಲೆ ಮಲಗಿಸಿ, ಟವೆಲ್ಲಿನಿಂದ ಕೈ ಒರೆಸಿಕೊಂಡು, ತುಮಕೂರು ರಸ್ತೆಯ ಕಡೆ ನಡೆದುಹೋದರು. ಮರುದಿನ ಮಜ್ಜಿಗೆಗೆ ಬರಲಿಲ್ಲ. ಅಲ್ಲಿಂದಾಚೆ ನಮ್ಮ ಸಾಲಿಗೆ ಕೊನೆಯಲ್ಲಿ ನೀರು; ಹೆಚ್ಚಿನ ದಿನ ಬರೀ ಗಾಳಿ.

ಎರಡು ವರ್ಷದ ಮೇಲೆ ಚಿಕ್ಕಬಾಣಾವರದಲ್ಲಿ ವಿಚಾರಿಸಿದೆ. ತೀರಿಕೊಂಡು ಆರು ತಿಂಗಳಾಯಿತು ಎಂದರು.

ಅಂದು ಗೋಡೆಯ ಬಳಿ ನಿಂತಿದ್ದವರಲ್ಲಿ, ನನಗೆ ತಿಳಿದಂತೆ, ಈಗ ಇರುವವರು ಇಬ್ಬರೇ: ನಾನು ಮತ್ತು ಟೈಲರ್ ಅಕ್ಕ. ಅಕ್ಕ ಈಗ ಕಾಡುಗೋಡಿಯಲ್ಲಿ ಮಗಳ ಜೊತೆ ಇದ್ದಾರೆ. ಮೊನ್ನೆ ಫೋನ್ ಮಾಡಿ, ಆ ಭಾನುವಾರ ನೆನಪಿದೆಯೇ ಎಂದು ಕೇಳಿದೆ.

“ನೀನು ಹೇಳ್ತೀಯ ಅಂತ ನಾನು ಸುಮ್ನಿದ್ದೆ ಕಣಪ್ಪ” ಎಂದರು.