ಕೂರುವವಳು, ಹೊರುವವನು

ಪಟ್ಟಿ ಅಕ್ಕ ನಿಂತುಕೊಂಡೇ ಊಟ ಮಾಡುವುದಕ್ಕೆ ಶುರುಮಾಡಿ ಬಹಳ ದಿನವಾಗಿತ್ತು. ರೋಗಿಗಳ ಮಂಚದ ಪಕ್ಕ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿದೆ, ಕೂತರೆ ಏಳಲಾಗುವುದಿಲ್ಲ ಎಂದು ಗಂಡನಿಗೆ ಹೇಳಿದ್ದಳು. ಅದು ಸುಳ್ಳು. ಸೊಂಟ ಗಟ್ಟಿಯಾಗಿಯೇ ಇತ್ತು. ಸೈಕಲ್ಲಿನಲ್ಲಿ ಮನೆಮನೆಗೆ ಹೋಗಿ ಜನರ ಹುಣ್ಣು ತೊಳೆದು ಪಟ್ಟಿ ಕಟ್ಟುವ ಹೆಂಗಸಿಗೆ ಸೈಕಲ್ ಸೀಟು ಉಜ್ಜಿ ಉಜ್ಜಿ, ಕೂರುವ ಜಾಗದಲ್ಲೇ ಹುಣ್ಣಾಗಿತ್ತು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ ಇರಬೇಕು.

ಆ ಸೀಟು ಗಂಡನೇ ಹಾಕಿಕೊಟ್ಟದ್ದು. ಹರೆಯದಲ್ಲಿ ಅವನು ಸೈಕಲ್ ಪಂದ್ಯಗಳಿಗೆ ಹೋಗುತ್ತಿದ್ದವನು. ಒಂದು ಬೋಲ್ಟು ಸೇರಿಸಬೇಕೆಂದರೂ ಅಂಗೈಯಲ್ಲಿ ತೂಗಿ ನೋಡದೆ ಸೇರಿಸುತ್ತಿರಲಿಲ್ಲ. ಬೀದಿಯವರು ಅವನನ್ನು ತಕ್ಕಡಿ ಮಾಮ ಅನ್ನುತ್ತಿದ್ದರು. ಅಂಗೈ ಅಗಲದ, ಹಲಗೆಯಂಥ ಆ ಸೀಟಿಗೆ ಇದ್ದದ್ದು ಒಂದೇ ಗುಣ, ತೂಕವಿಲ್ಲದ್ದು. ಆ ಮನೆಗೆ ಅದು ಬೇಕಾಗಿಯೂ ಇತ್ತು. ಕೆಳಗೆ ನಿಲ್ಲಿಸಿದ್ದ ಹಿಂದಿನ ಸೈಕಲ್ಲನ್ನು ಕಳ್ಳರು ಒಯ್ದಿದ್ದರು. ಮನೆ ಮೂರನೇ ಮಹಡಿ, ಲಿಫ್ಟಿನ ಮಾತೇ ಇಲ್ಲ. ಸಂಜೆ ಅವಳ ಬೆಲ್ಲು ಕೇಳಿಸಿದರೆ ಅವನು ಇಳಿದು ಬಂದು ಸೈಕಲ್ಲನ್ನು ಹೆಗಲಿಗೇರಿಸುವುದು, ಅವಳು ಮುಂದೆ ಹೋಗಿ ಟೀಗೆ ನೀರಿಡುವುದು, ಇದು ಆ ಕಳ್ಳತನವಾದಾಗಿನಿಂದ ಬಂದ ಪದ್ಧತಿ. ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಈ ಮನೆಗೆ ತಾನೂ ಬೇಕಾದವನು ಅಂದುಕೊಳ್ಳಲು ಅವನಿಗೆ ಉಳಿದದ್ದು ಇದೊಂದೇ ಕೆಲಸ. ಭಾರದ ಸೀಟು ಹಾಕಿಸಿ ಅದನ್ನೂ ಕಿತ್ತುಕೊಳ್ಳುವಷ್ಟು ಕಲ್ಲುಮನಸ್ಸು ಅವಳದಲ್ಲ.

ಆದರೆ ನೋವಿಗೆ ಅದೆಲ್ಲ ಗೊತ್ತಾಗುವುದಿಲ್ಲವಲ್ಲ. ಒಂದು ಮಧ್ಯಾಹ್ನ ನಿಂತೇ ಪೆಡಲ್ ತುಳಿದು ಮಂಡಿ ಸೋತು, ಸೈಕಲ್ ಅಂಗಡಿಯ ಮುಂದೆ ಇಳಿದುಬಿಟ್ಟಳು. ದಪ್ಪ ಸ್ಪಂಜಿನ ಸೀಟನ್ನು ಒತ್ತಿ ನೋಡಿ ಅದೇ ಸಾಕು ಅಂದಾಗ ಅಂಗಡಿಯವನು ತಲೆಯಾಡಿಸಿದ. ಅದು ಪೇಟೆಗೆ ಹೋಗಿ ಬರುವವರಿಗೆ ಸರಿ, ದಿನವಿಡೀ ತುಳಿಯುವವರಿಗೆ ಹೂತುಕೊಂಡು ಇನ್ನಷ್ಟು ಉಜ್ಜುತ್ತದೆ ಅಂದ. ಸ್ಟೂಲಿನ ಮೇಲೆ ರಟ್ಟು ಹಾಸಿ ಅವಳನ್ನು ಕೂರಿಸಿ, ಎದ್ದ ಮೇಲೆ ಮೂಳೆ ಒತ್ತಿದ ಎರಡು ಗುಳಿಗಳ ನಡುವಿನ ಅಗಲ ಅಳೆದ. ಹಲ್ಲು ಕಚ್ಚಿ ಕೂತಿದ್ದಳು ಪಾಪ. ಅಳತೆಗೆ ಹೊಂದಿದ್ದು ಅಡಿಯಲ್ಲಿ ಸ್ಪ್ರಿಂಗು ಇರುವ ಚರ್ಮದ ಸೀಟು. ಅದನ್ನು ಒಂದು ಕೈಯಲ್ಲಿ, ಹಳೆಯದನ್ನು ಇನ್ನೊಂದು ಕೈಯಲ್ಲಿ ಹಿಡಿದು ನೋಡಿದವಳ ಮುಖ ಇಳಿಯಿತು.

“ಸೀಟು ಕೂರೋದಕ್ಕಾ ಅಕ್ಕ, ಎತ್ತೋದಕ್ಕಾ?”

“ಕೂರೋದು ನಾನು, ಹೊರೋದು ಅವರು.”

ಸ್ವಲ್ಪ ಹೊತ್ತು ಯೋಚಿಸಿ, ಕ್ಯಾರಿಯರ್ ಬಿಚ್ಚಿಬಿಡು ಅಂದಳು. ಔಷಧಿ ಚೀಲ ಹೆಗಲಿಗೆ ಹಾಕಿಕೊಂಡರಾಯಿತು. ಸ್ಟ್ಯಾಂಡೂ ಬೇಡ, ಗೋಡೆಗೆ ಒರಗಿಸಿದರಾಯಿತು. ತಕ್ಕಡಿ ಮಾಮನ ಹೆಂಡತಿಗೆ ಅಷ್ಟೂ ಲೆಕ್ಕ ಬಾರದಿದ್ದರೆ ಹೇಗೆ? ಎತ್ತಿ ನೋಡಿದಳು, ಮೊದಲಿನಷ್ಟೇ ತೂಕ. ಮನೆಯವರೆಗೂ ಕೂತೇ ಬಂದಳು. ಆ ಸುಖಕ್ಕೆ ಕಣ್ಣಲ್ಲಿ ನೀರು ಬಂತು.

ಸಂಜೆ ಗಂಡ ಇಳಿದು ಬಂದ. ಅವನ ಕೈ ಸೀಟಿನ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಎಂದಿನಂತೆ ಸೈಕಲ್ಲನ್ನು ಹೆಗಲಿಗೇರಿಸಿದ. ಬದುಕಿದೆ ಅಂದುಕೊಂಡು ಅವಳು ಮೇಲೆ ಹೋಗಿ ನೀರಿಟ್ಟಳು.

ನೀರು ಇನ್ನೂ ಬಿಸಿಯಾಗಿರಲಿಲ್ಲ, ಕೆಳಗಿನಿಂದ ಧಡಾರ್ ಎಂದು ಸದ್ದು. ಓಡಿ ಇಳಿದಳು. ಎರಡನೇ ಮಹಡಿಯಲ್ಲಿ ಸೈಕಲ್ ಅಡ್ಡಬಿದ್ದಿತ್ತು, ಪಕ್ಕದ ಮೆಟ್ಟಿಲ ಮೇಲೆ ಗಂಡ ಗೋಡೆ ಹಿಡಿದು ಕೂತು ಏದುಸಿರು ಬಿಡುತ್ತಿದ್ದ. ಆ ಮಹಡಿಯ ಮನೆಯ ಅಜ್ಜಿ ಆಗಲೇ ನೀರಿನ ಲೋಟ ಹಿಡಿದು ನಿಂತಿದ್ದಳು.

“ದಿನಾ ಇಲ್ಲೇ ನಿಲ್ಲಿಸಿ ಕೂತ್ಕೋತಾರಲ್ಲಮ್ಮ, ಇವತ್ಯಾಕೆ ಬಿತ್ತು?” ಅಂದಳು ಅಜ್ಜಿ.

ಪಟ್ಟಿ ಅಕ್ಕ ಸ್ಟ್ಯಾಂಡು ಇಲ್ಲದ ಸೈಕಲ್ಲನ್ನೇ ನೋಡಿದಳು. ಅವನು ಮೆಟ್ಟಿಲು ಹತ್ತಿ ಬರಲು ತಡವಾದರೆ, ದಾರಿಯಲ್ಲಿ ಯಾರೊಡನೆಯೋ ಹರಟೆ ಹೊಡೆಯುತ್ತಾನೆ ಎಂದೇ ಅವಳು ತಿಳಿದಿದ್ದಳು.

“ಎಷ್ಟು ದಿನದಿಂದ?”

“ಚಳಿ ಶುರುವಾದಾಗಿಂದ. ಉಸಿರು ಸಾಲಲ್ಲ.” ನೀರು ಕುಡಿದು ಕೇಳಿದ, “ಸೀಟು ಬದಲಾಯ್ಸಿದೀಯ. ನೋಯ್ತಿತ್ತಾ?”

“ಹುಣ್ಣಾಗಿತ್ತು.”

“ಹೇಳಬಾರದಿತ್ತೇನೇ?”

“ನೀವು ಹೇಳಿದ್ರಾ?”

ಅವಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅಯ್ಯೋ ಅನಿಸಿತು, ಕೊನೆಗೆ ಬರೀ ಸುಸ್ತು. ಸೆರಗು ಸಿಕ್ಕಿಸಿಕೊಂಡು ಸೈಕಲ್ಲನ್ನು ಎತ್ತಲು ಬಗ್ಗಿದಳು. ಅವನು ತಡೆಯಲಿಲ್ಲ. ತಡೆಯುತ್ತಾನೆಂದು ಅವಳು ಕಾದಿದ್ದಳು.

“ಒಂದು ನಿಮಿಷ ಇರು,” ಅಂದವನು ಜೇಬಿನಿಂದ ಸ್ಪ್ಯಾನರ್ ತೆಗೆದು, ಬೋಲ್ಟು ಸಡಿಲಿಸಿ ಸೀಟನ್ನು ಕಳಚಿಕೊಂಡ. “ಇದನ್ನ ನಾನು ತರ್ತೀನಿ. ನೀನು ನಡಿ.”

ಅವಳು ಸೈಕಲ್ ಹೊತ್ತು ಹತ್ತಿದಳು. ಮನೆ ಬಾಗಿಲಲ್ಲಿ ಇಳಿಸಿ ತಿರುಗಿ ನೋಡಿದರೆ, ಅವನು ಅರ್ಧ ದಾರಿಯಲ್ಲಿ ನಿಂತು ಸೀಟನ್ನು ಅಂಗೈಯಲ್ಲಿ ತೂಗುತ್ತಿದ್ದ.

“ಭಾರ ಇದೆ ಕಣೇ,” ಅಂದ.

“ನಿಧಾನಕ್ಕೆ ಬನ್ನಿ,” ಅಂದಳು ಅವಳು.