ಹಿಂದಿನಕ್ಕ ಮುಂದೆ ಕೂತ ದಿನ

ಸಂಗೀತ ಕಛೇರಿಯ ಕರಪತ್ರದಲ್ಲಿ ಅವಳ ಹೆಸರು ಒಮ್ಮೆಯೂ ಅಚ್ಚಾದದ್ದಿಲ್ಲ. ಸಂಗೀತದವರ ಬಾಯಲ್ಲಿ ಅವಳು ಹಿಂದಿನಕ್ಕ. ಗುರುಗಳ ಬೆನ್ನ ಹಿಂದೆ ತಂಬೂರಿ ಮೀಟುತ್ತ, ಅವರ ದನಿಗೆ ದನಿ ಸೇರಿಸುತ್ತ ಹತ್ತೊಂಬತ್ತು ವರ್ಷ ಕೂತವಳಿಗೆ ಇನ್ನೇನು ಹೆಸರಿಟ್ಟಾರು! ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಕೆಲಸ, ಗಿರಾಕಿಗಳ ಮೂಗಿಗೆ ಫ್ರೇಮು ಹೊಂದಿಸುವುದು. ಅದಕ್ಕೂ ಮುಂಚೆ, ಬೆಳಿಗ್ಗೆ ಐದೂವರೆಗೆಲ್ಲ ಗುರುಗಳ ಮನೆಯ ಎರಡನೇ ಮಹಡಿಯಲ್ಲಿ ಪಾಠ.

ಪಾಠದಲ್ಲಿ ಒಂದೇ ಕಟ್ಟಳೆ. ಗುರುಗಳು ಹಾಡನ್ನು ಎತ್ತಬೇಕು, ಅವಳು ಕೂದಲೆಳೆಯಷ್ಟು ಹಿಂದೆ ಸೇರಿಕೊಳ್ಳಬೇಕು. ಸೇರಿದ್ದು ಕೇಳುವವರಿಗೆ ಗೊತ್ತೇ ಆಗಬಾರದು. "ನನಗಿಂತ ಮುಂಚೆ ಬಾಯಿ ತೆಗೆದ್ರೆ ಎದ್ದು ಮನೆಗೆ ಹೋಗು" ಎಂದು ಮೊದಲ ವರ್ಷವೇ ಗದರಿದ್ದರು. ಅವಳು ಒಮ್ಮೆಯೂ ಎದ್ದು ಹೋಗುವ ಪ್ರಸಂಗ ತಂದುಕೊಳ್ಳಲಿಲ್ಲ. ಮನೆಯಲ್ಲಿ ಸಾಧನೆ ಮಾಡುವಾಗಲೂ ಗುರುಗಳ ಧ್ವನಿಮುದ್ರಣ ಹಾಕಿಕೊಂಡೇ ಹಾಡುತ್ತಿದ್ದಳು. ಬಸ್ಸು ಓಡಿಸುವ ಗಂಡ ನಗುತ್ತಿದ್ದ: "ನೀನು ಅಡುಗೆಗೆ ಉಪ್ಪಿದ್ದ ಹಾಗೆ ಕಣೇ. ಇದ್ರೆ ಯಾರೂ ಕೇಳಲ್ಲ, ಇಲ್ದಿದ್ರೆ ಎಲ್ರೂ ಕೇಳ್ತಾರೆ."

ಹಾಗಿರುವಾಗ ಗುರುಗಳ ಗಂಟಲಲ್ಲಿ ಗಂಟು ಕಂಡು, ದಿಢೀರನೆ ಶಸ್ತ್ರಚಿಕಿತ್ಸೆ ಆಯಿತು. ತಿಂಗಳು ಪೂರ್ತಿ ಒಂದಕ್ಷರ ಮಾತಾಡಕೂಡದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ವಾರದೊಳಗೇ ಒಂದು ಕಛೇರಿ ಇತ್ತು, ಟಿಕೆಟ್ಟೆಲ್ಲ ಖರ್ಚಾಗಿತ್ತು. ಗುರುಗಳು ಚೀಟಿಯಲ್ಲಿ ಬರೆದು ಕೊಟ್ಟರು: "ಮುಂದೆ ನೀನು ಕೂರು. ತಂಬೂರಿ ನಾನು ಹಿಡಿಯುತ್ತೇನೆ."

ಅವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಲವತ್ತೊಂದನೇ ವಯಸ್ಸಿಗೆ ಮೊದಲ ಕಛೇರಿ! ಇಲ್ಲಿ ಗೆದ್ದರೆ ಗಾಯಕಿ, ಬಿದ್ದರೆ ಸಾಯುವವರೆಗೂ ಹಿಂದಿನಕ್ಕ. ಧ್ವನಿಮುದ್ರಣದ ಜೊತೆ ಅಷ್ಟೂ ಕೀರ್ತನೆಗಳನ್ನು ನಾಲ್ಕು ನಾಲ್ಕು ಸಲ ಹಾಡಿಕೊಂಡಳು. ಒಂದು ಸ್ವರವೂ ಅಲುಗಲಿಲ್ಲ.

ಸಭಾಂಗಣ ತುಂಬಿತ್ತು. ಬೆನ್ನ ಹಿಂದೆ ಗುರುಗಳ ತಂಬೂರಿ ಹದವಾಗಿ ಮಿಡಿಯುತ್ತಿತ್ತು. ಅವಳು ತೊಡೆಯ ಮೇಲೆ ತಾಳ ಹಾಕಲು ಶುರು ಮಾಡಿದಳು. ಒಂದು ಆವರ್ತ ಮುಗಿಯಿತು. ಇನ್ನೊಂದೂ ಮುಗಿಯಿತು. ಮೃದಂಗದವರು ಬಗ್ಗಿ ಪಿಸುಗುಟ್ಟಿದರು: "ಅಕ್ಕಾ, ಶುರು ಮಾಡಿ."

"ಗುರುಗಳು ಇನ್ನೂ ಎತ್ತಿಲ್ವಲ್ಲ" ಎಂದಳು ಅವಳು.

ಮೈಕು ಅದನ್ನು ಕೊನೆಯ ಸಾಲಿನವರೆಗೂ ಮುಟ್ಟಿಸಿತು. ಎಂಥ ವಿನಯ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಅವಳ ಎದೆ ಮಾತ್ರ ಧಸಕ್ಕೆಂದಿತು. ಸಾಹಿತ್ಯ ಗೊತ್ತು, ರಾಗ ಗೊತ್ತು, ಎತ್ತುಗಡೆ ಯಾವ ಎಣಿಕೆಯಲ್ಲೆಂದೂ ಗೊತ್ತು. ಆದರೆ ಬಾಯಿ ತೆರೆಯುತ್ತಿಲ್ಲ. ಮುಂದೊಂದು ದನಿಯಿಲ್ಲದೆ ತಾನು ಈ ಜನ್ಮದಲ್ಲಿ ಒಂದೇ ಒಂದು ಸಾಲನ್ನೂ ಶುರು ಮಾಡಿಲ್ಲ ಎಂಬುದು ಅವಳಿಗೆ ಗೊತ್ತಾದದ್ದು ಅಲ್ಲಿ, ಆರುನೂರು ಜನರೆದುರು!

ಗಾಬರಿಯಲ್ಲಿ ಹಿಂತಿರುಗಿ ನೋಡಿದಳು. ಗುರುಗಳ ಮುಖ ಬಿಳಿಚಿತ್ತು, ಅವರಿಗೂ ಆಗಷ್ಟೇ ಅರ್ಥವಾಗಿತ್ತು. ಅವರು ದನಿಯಿಲ್ಲದೆ ತುಟಿ ಅಲುಗಿಸಿದರು. ಆ ತುಟಿಯ ಹಿಂದೆಯೇ ಇವಳ ದನಿ ಹೊರಟಿತು. ಎರಡು ಗಂಟೆಯ ಕಛೇರಿಯನ್ನು ಕತ್ತು ಹಿಂದಕ್ಕೆ ತಿರುಗಿಸಿಕೊಂಡೇ ಹಾಡಿ ಮುಗಿಸಿದಳು. ಗುರುಭಕ್ತಿ ಅಂದ್ರೆ ಇದಪ್ಪಾ ಎಂದು ಕೆಲವರು ಕಣ್ಣೊರೆಸಿಕೊಂಡರು. ಅವಳು ಮಾತ್ರ ಆ ತುಟಿಯಿಂದ ಕಣ್ಣು ಕೀಳಲಿಲ್ಲ, ಕಿತ್ತರೆ ಹಾಡು ನಿಂತುಹೋಗುತ್ತಿತ್ತು.

ಕಛೇರಿ ಮುಗಿದ ಮೇಲೆ ಬಣ್ಣ ಕಿತ್ತ ಗೋಡೆಯ ಪುಟ್ಟ ಕೋಣೆಯಲ್ಲಿ ಗುರುಗಳು ಚೀಟಿ, ಪೆನ್ನು ತೆಗೆದರು. ಹೀಗೆ ಬರೆದರು: "ಒಂದು ದಿನವೂ 'ನೀನು ಮೊದಲು ಹಾಡು' ಅನ್ನಲಿಲ್ಲ. ಕೆಟ್ಟ ಮನಸ್ಸಿನಿಂದಲ್ಲ. ಅನ್ನಬೇಕೆಂದು ಹೊಳೆಯಲೇ ಇಲ್ಲ."

ಅವಳು ಎರಡು ಸಲ ಓದಿದಳು. ಮತ್ಸರ ಎಂದು ಬರೆದಿದ್ದರೂ ತಡೆದುಕೊಳ್ಳುತ್ತಿದ್ದಳೇನೋ. ಹೊಳೆಯಲೇ ಇಲ್ಲವಂತೆ! ತನಗೂ ಹೊಳೆದಿರಲಿಲ್ಲವಲ್ಲ ಎಂದು ನೆನೆದಾಗ ಸಿಟ್ಟನ್ನು ಯಾರ ಮೇಲೆ ಹಾಕಬೇಕೋ ತಿಳಿಯದೆ ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು.

ಮರುದಿನ ಪಾಠಕ್ಕೆ ಹೋಗುವುದಿಲ್ಲವೆಂದು ಗಂಡನಿಗೆ ಹೇಳಿದವಳು ಐದೂವರೆಗೆ ಸರಿಯಾಗಿ ಅಲ್ಲಿದ್ದಳು. ಗುರುಗಳು ಒಂದು ಕೈಯಲ್ಲಿ ತಂಬೂರಿ ಮೀಟುತ್ತ ಕಣ್ಣು ಮುಚ್ಚಿಕೊಂಡಿದ್ದರು. ತುಟಿಯ ಮೇಲೆ ಇನ್ನೊಂದು ಅಂಗೈ ಒತ್ತಿಕೊಂಡಿದ್ದರು, ಅಲುಗಿದರೂ ಕಾಣದ ಹಾಗೆ. ಅವಳು ಕಾದಳು. ಕೆಳಗೆ ಬೀದಿಯಲ್ಲಿ ಅಂಗಡಿಗಳ ಷಟರು ಏಳುವಷ್ಟು ಹೊತ್ತು ಕಾದಳು. ಕೊನೆಗೆ ಬೆವರುತ್ತ ತಾನೇ ಎತ್ತಿದಳು, ಅದೂ ಅರ್ಧ ಎಣಿಕೆ ತಪ್ಪಾಗಿ. ಗುರುಗಳ ಹುಬ್ಬು ಗಂಟಿಕ್ಕಿತು. ತಿದ್ದೋಣವೆಂದರೆ ಅವರಿಗೆ ದನಿಯಿರಲಿಲ್ಲ. ಅವಳು ನಿಲ್ಲಿಸದೆ ಮುಂದಕ್ಕೆ ಹಾಡಿದಳು.